ಲಿಕ್ವಿಡೇಟ್ ಆದಾಗ ನಿಮ್ಮ ಪೊಸಿಷನ್ ಯಾರ ಕೈಗೆ ಹೋಗುತ್ತದೆ? ಪರ್ಪೆಚುಯಲ್ ಪ್ಲಾಟ್‌ಫಾರ್ಮ್ ಆರಿಸುವವರಿಗೆ ಒಂದು ಹೋಲಿಕೆ

ಕಲಬುರಗಿಯಲ್ಲಿ ಕ್ರಿಪ್ಟೊ ಪರ್ಪೆಚುಯಲ್ (ಕೊನೆಯ ದಿನವಿಲ್ಲದ ಫ್ಯೂಚರ್ಸ್ ಕರಾರು, ಚಿಕ್ಕದಾಗಿ ಪರ್ಪ್) ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವುದರಲ್ಲಿ ಲಿವರೇಜ್ (ಕೈಯಲ್ಲಿರುವ ರೊಕ್ಕದ ಎಷ್ಟೋ ಪಟ್ಟು ವ್ಯಾಪಾರ ಮಾಡುವ ಅವಕಾಶ) ಜಾಸ್ತಿ? ಯಾವುದರಲ್ಲಿ ಫೀ ಕಡಿಮೆ? ಸೇಡಂ ರಸ್ತೆಯ ಹಾಸ್ಟೆಲ್ ಹುಡುಗರು ಕೇಳುವುದೂ ಇದನ್ನೇ, ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಕೇಳುವುದೂ ಇದನ್ನೇ. ಎರಡಕ್ಕೂ ಉತ್ತರ ಆಯಾ ಪ್ಲಾಟ್‌ಫಾರ್ಮಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಸಿಗುತ್ತದೆ. ರೊಕ್ಕ ಹೋಗುವುದು ಮಾತ್ರ ಬೇರೆ ಕಡೆಯಿಂದ.

ನನ್ನ ಪ್ರಕಾರ ಕೇಳಬೇಕಾದ್ದು ಹೀಗೆ: ನನ್ನ ಪೊಸಿಷನ್ (ನಾನು ಹಿಡಿದಿರುವ ವ್ಯವಹಾರ) ಒತ್ತಾಯದಿಂದ ಮುಚ್ಚುವ, ಅಂದರೆ ಲಿಕ್ವಿಡೇಟ್ ಆಗುವ ಗಳಿಗೆ ಬಂದಾಗ ಅದನ್ನು ಕೊಳ್ಳುವವರು ಯಾರು? ಆ ಬೆಲೆಯನ್ನು ನಿರ್ಧರಿಸುವವರು ಯಾರು? ಕೊಳ್ಳುವವರು ಸಾಲದೆ ಬಂದರೆ ನಷ್ಟ ಯಾರ ತಲೆಗೆ? ಈ ಮೂರಕ್ಕೂ ಒಂದೊಂದು ಡಿಸೆಂಟ್ರಲೈಸ್ಡ್ ಪ್ಲಾಟ್‌ಫಾರ್ಮ್ (ಬ್ರೋಕರ್ ಬದಲು ಬ್ಲಾಕ್‌ಚೈನ್ ಮೇಲಿನ ಕೋಡ್ ನಡೆಸುವಂಥದು) ಒಂದೊಂದು ಉತ್ತರ ಕೊಡುತ್ತದೆ. ಆ ಉತ್ತರಗಳನ್ನೇ ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ಕೈಯಲ್ಲಿ ಇಪ್ಪತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ಇಟ್ಟುಕೊಂಡು ಯೋಚಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಲಿವರೇಜ್ ಇಲ್ಲದೆ ಸುಮ್ನೆ ಕಾಯಿನ್ ಕೊಂಡು ಇಟ್ಟುಕೊಳ್ಳುವುದೂ ಒಂದು ಆಯ್ಕೆಯೇ, ಹೆಚ್ಚಿನವರಿಗೆ ಅದೇ ಒಳ್ಳೆಯದು ಅಂತ ನಾನು ನಂಬುತ್ತೇನೆ. ಇಲ್ಲ, ಪರ್ಪೇ ಬೇಕು ಅನ್ನುವವರಿಗೆ ಮುಂದಿನ ಮಾತು.

ವಾಯಿದೆ ಇಲ್ಲದ ವಾಯಿದೆ ವ್ಯಾಪಾರ

ತೊಗರಿಯ ಫ್ಯೂಚರ್ಸ್ ವ್ಯಾಪಾರವನ್ನು ಸರ್ಕಾರ 2007ರ ಜನವರಿಯಲ್ಲಿ ನಿಲ್ಲಿಸಿತು. ಅದಕ್ಕೂ ಮೊದಲು ಅದರಲ್ಲಿ ಕೈಯಾಡಿಸಿದ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಪ್ರತಿ ಕರಾರಿಗೂ ಒಂದು ಕೊನೆಯ ದಿನ ಇರುತ್ತದೆ, ಆ ದಿನ ಹತ್ತಿರವಾದಂತೆ ಫ್ಯೂಚರ್ಸ್ ಬೆಲೆ ಮಾರುಕಟ್ಟೆಯ ಬೆಲೆಗೆ ಬಂದು ಸೇರುತ್ತದೆ. ಪರ್ಪೆಚುಯಲ್‌ನಲ್ಲಿ ಕೊನೆಯ ದಿನವೇ ಇಲ್ಲ. ಕ್ರಿಪ್ಟೊದಲ್ಲಿ ಇದನ್ನು 2016ರಲ್ಲಿ ಬಿಟ್‌ಮೆಕ್ಸ್ ಜನಪ್ರಿಯಗೊಳಿಸಿತು. ಬೆಲೆಯನ್ನು ನಿಜವಾದ ಮಾರುಕಟ್ಟೆಗೆ ಕಟ್ಟಿಹಾಕಲು ಇಲ್ಲಿ ಇರುವುದು ಫಂಡಿಂಗ್. ಪರ್ಪ್ ಬೆಲೆ ಮೇಲಿದ್ದರೆ ಲಾಂಗ್ ಇದ್ದವರು (ಬೆಲೆ ಏರುತ್ತದೆ ಅಂತ ಹಿಡಿದವರು) ಶಾರ್ಟ್ ಇದ್ದವರಿಗೆ (ಇಳಿಯುತ್ತದೆ ಅಂತ ಹಿಡಿದವರಿಗೆ) ಕೊಡಬೇಕು, ಕೆಳಗಿದ್ದರೆ ಉಲ್ಟಾ.

ಫಂಡಿಂಗ್ ಸಣ್ಣದು ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಹೈಪರ್‌ಲಿಕ್ವಿಡ್ ಅನ್ನುವ ಪ್ಲಾಟ್‌ಫಾರ್ಮಿನಲ್ಲಿ ಫಂಡಿಂಗ್ ಗಂಟೆಗೊಮ್ಮೆ ಕಡಿತವಾಗುತ್ತದೆ, ಮಾರುಕಟ್ಟೆ ಶಾಂತವಾಗಿರುವಾಗಿನ ಮೂಲ ದರ ಗಂಟೆಗೆ 0.00125%. ನೀವು 1,000 ಡಾಲರ್ ಮಾರ್ಜಿನ್ (ಒತ್ತೆಯಾಗಿ ಇಡುವ ಸ್ವಂತ ರೊಕ್ಕ) ಇಟ್ಟು 10 ಪಟ್ಟು ಲಿವರೇಜ್‌ನಲ್ಲಿ 10,000 ಡಾಲರಿನ ಲಾಂಗ್ ಹಿಡಿದಿದ್ದೀರಿ ಅನ್ನಿ. ಫಂಡಿಂಗ್ ಬೀಳುವುದು ಮಾರ್ಜಿನ್ ಮೇಲಲ್ಲ, ಪೂರ್ತಿ 10,000 ಡಾಲರ್ ಮೇಲೆ. ದಿನಕ್ಕೆ 3 ಡಾಲರ್, ತಿಂಗಳಿಗೆ 90. ಅಂದರೆ ಬೆಲೆ ಒಂದು ರೂಪಾಯಿಯೂ ಅಲುಗಾಡದೆ ನಿಮ್ಮ ಮಾರ್ಜಿನ್‌ನ 9% ಹೋಯಿತು. ಅಷ್ಟೇ ಅಲ್ಲ, ಮಾರ್ಜಿನ್ ಸವೆದಂತೆ ಲಿಕ್ವಿಡೇಷನ್ ಬೆಲೆಯೂ ಒಂದೊಂದೇ ಹೆಜ್ಜೆ ನಿಮ್ಮ ಕಡೆಗೆ ಬರುತ್ತಿರುತ್ತದೆ. ಎಲ್ಲರೂ ಲಾಂಗ್ ಹಿಡಿಯಲು ಮುಗಿಬಿದ್ದ ದಿನಗಳಲ್ಲಿ ಫಂಡಿಂಗ್ ಇದರ ಎಷ್ಟೋ ಪಟ್ಟು ಏರುತ್ತದೆ.

ಲಿಕ್ವಿಡೇಷನ್ ಬೆಲೆ: ಲೆಕ್ಕ ಕೈಯಲ್ಲೇ ಮಾಡಿ

10 ಪಟ್ಟು ಲಿವರೇಜ್ ಅಂದರೆ ಬೆಲೆ 10% ಬಿದ್ದಾಗ ಲಿಕ್ವಿಡೇಟ್ ಆಗುತ್ತೇವೆ ಅಂತ ಅಂದುಕೊಳ್ಳುವವರೇ ಜಾಸ್ತಿ. ಅದು ತಪ್ಪು. ಮಾರ್ಜಿನ್ ಸೊನ್ನೆ ಆಗುವ ತನಕ ಯಾವ ಪ್ಲಾಟ್‌ಫಾರ್ಮೂ ಕಾಯುವುದಿಲ್ಲ. ಮೇಂಟೆನೆನ್ಸ್ ಮಾರ್ಜಿನ್ ಅನ್ನುವ ಒಂದು ಗೆರೆ ಇರುತ್ತದೆ, ಅದನ್ನು ಮುಟ್ಟಿದ ಕೂಡಲೇ ಕೆಲಸ ಶುರು.

ಹೈಪರ್‌ಲಿಕ್ವಿಡ್‌ನ ನಿಯಮ ಸರಳ. ಆ ಕಾಯಿನ್‌ಗೆ ಗರಿಷ್ಠ ಲಿವರೇಜ್‌ನಲ್ಲಿ ಎಷ್ಟು ಮಾರ್ಜಿನ್ ಬೇಕೋ ಅದರ ಅರ್ಧ ಮೇಂಟೆನೆನ್ಸ್. ಬಿಟ್‌ಕಾಯಿನ್‌ಗೆ ಗರಿಷ್ಠ 40 ಪಟ್ಟು, ಅಂದರೆ 2.5% ಮಾರ್ಜಿನ್, ಅದರ ಅರ್ಧ 1.25%. ಈಗ 1,00,000 ಡಾಲರ್ ಬೆಲೆಗೆ 0.1 ಬಿಟ್‌ಕಾಯಿನ್ ಲಾಂಗ್ ತೆಗೆದುಕೊಳ್ಳಿ. 5 ಪಟ್ಟು ಲಿವರೇಜ್ ಇದ್ದರೆ ಲಿಕ್ವಿಡೇಷನ್ ಸುಮಾರು 81,010ಕ್ಕೆ. 10 ಪಟ್ಟು ಇದ್ದರೆ 91,140ಕ್ಕೆ. 20 ಪಟ್ಟಾದರೆ 96,200. 40 ಪಟ್ಟಾದರೆ 98,730, ಅಂದರೆ ಬರೀ 1.3% ದೂರ. ಬಿಟ್‌ಕಾಯಿನ್ ಯಾವ ಕಾರಣವೂ ಇಲ್ಲದ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲೇ ಅಷ್ಟು ಆಚೀಚೆ ಆಗುತ್ತದೆ.

ಸಣ್ಣ ಕಾಯಿನ್‌ಗಳಲ್ಲಿ ಇದು ಇನ್ನೂ ಬಿಗಿ, ಇದನ್ನು ಯಾರೂ ಹೇಳುವುದಿಲ್ಲ. ಗರಿಷ್ಠ 3 ಪಟ್ಟು ಮಾತ್ರ ಕೊಡುವ ಕಾಯಿನ್‌ನಲ್ಲಿ ಬೇಕಾದ ಮಾರ್ಜಿನ್ 33.3%, ಮೇಂಟೆನೆನ್ಸ್ 16.7%. 1 ಡಾಲರಿಗೆ 3 ಪಟ್ಟು ಲಾಂಗ್ ಹಿಡಿದರೆ 80 ಸೆಂಟ್‌ಗೇ ಲಿಕ್ವಿಡೇಷನ್. "ಬರೀ 3 ಪಟ್ಟು, 33% ಬಿದ್ದರೂ ತಡೆದುಕೊಳ್ಳುತ್ತೇನೆ" ಅಂತ ಅಂದುಕೊಂಡವರು 20% ಬಿದ್ದಾಗಲೇ ಹೊರಗೆ. ಇಂಥ ಕಾಯಿನ್‌ಗಳು ಒಂದೇ ದಿನದಲ್ಲಿ 20% ಬೀಳುವುದು ಅಪರೂಪವೇನಲ್ಲ.

ಇನ್ನೊಂದು ಮಾತು. ಇಲ್ಲಿನ ಬ್ರೋಕರ್ ಹತ್ತಿರ ಅಕೌಂಟ್ ಇದ್ದರೆ ಮಾರ್ಜಿನ್ ಕಡಿಮೆಯಾದಾಗ ಫೋನೋ ಮೆಸೇಜೋ ಬರುತ್ತದೆ, ರೊಕ್ಕ ಹಾಕಲು ಸ್ವಲ್ಪ ಸಮಯ ಸಿಗುತ್ತದೆ. ಡಿಸೆಂಟ್ರಲೈಸ್ಡ್ ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ನಂಬರ್ ಯಾರ ಹತ್ತಿರವೂ ಇಲ್ಲ. ಗೆರೆ ದಾಟಿತಾ, ಕೋಡ್ ಓಡಿತು. ಬೆಳಗ್ಗೆ ಎದ್ದು ನೋಡಿದಾಗಲೇ ಗೊತ್ತಾಗುವುದು.

ಲಿಕ್ವಿಡಿಟಿ ಅಂದರೆ ವಾಲ್ಯೂಮ್ ಅಲ್ಲ

ದಿನಕ್ಕೆ ಇಷ್ಟು ಕೋಟಿ ಡಾಲರ್ ವಹಿವಾಟು ಅಂತ ಜಾಹೀರಾತು ಹಾಕುತ್ತಾರೆ. ಆ ಅಂಕಿಯಿಂದ ನಿಮಗೆ ಉಪಯೋಗ ಕಡಿಮೆ. ನಿಮಗೆ ಬೇಕಾದ್ದು ಆಳ: ಈಗಿನ ಬೆಲೆಯ ಆಸುಪಾಸಿನಲ್ಲಿ, ಈ ಕ್ಷಣ, ಎಷ್ಟು ರೊಕ್ಕದ ಖರೀದಿದಾರರು ನಿಂತಿದ್ದಾರೆ ಅನ್ನುವುದು.

ಇದನ್ನು ನಮ್ಮ ಗಂಜಿನಲ್ಲಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಆಳಂದ, ಜೇವರ್ಗಿ, ಚಿತ್ತಾಪುರ ಎಲ್ಲ ಕಡೆಯಿಂದ ತೊಗರಿ ಒಟ್ಟಿಗೆ ಬಂದು ಬೀಳುತ್ತದೆ. ಖರೀದಿದಾರರು ಅಷ್ಟೇ ಜನ. ಸಾಲ ತೀರಿಸಲೇಬೇಕಾದ ರೈತ ಬೆಲೆ ನೋಡದೆ ಮಾರುತ್ತಾನೆ, ಅವನು ಮಾರಿದ ಬೆಲೆಯೇ ಮುಂದಿನ ಚೀಲಕ್ಕೆ ಬೆಲೆಯಾಗುತ್ತದೆ. ಆ ದಿನದ ವಹಿವಾಟು ಭರ್ತಿ ಇರುತ್ತದೆ, ಆದರೆ ಮಾರುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಲಿಕ್ವಿಡೇಷನ್ ಕೂಡ ಇಂಥದೇ ಮಾರಾಟ. ಬೆಲೆ ಕೇಳುವ ಹಕ್ಕು ಇಲ್ಲದ ಮಾರಾಟ. ಒಬ್ಬನ ಲಾಂಗ್ ಮುಚ್ಚಿದಾಗ ಬೆಲೆ ಇಳಿಯುತ್ತದೆ, ಆ ಇಳಿತ ಇನ್ನೊಬ್ಬನ ಗೆರೆ ಮುಟ್ಟುತ್ತದೆ, ಅವನದೂ ಮಾರಾಟಕ್ಕೆ ಬರುತ್ತದೆ. ಇದೇ ಸರಣಿ ಲಿಕ್ವಿಡೇಷನ್.

ಆಳವನ್ನು ನೀವೇ ನೋಡಬಹುದು. ಆರ್ಡರ್ ಬುಕ್ (ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ) ತೆರೆದು ಈಗಿನ ಬೆಲೆಯಿಂದ ಕೆಳಗೆ 0.5% ತನಕ ಇರುವ ಖರೀದಿ ಆರ್ಡರ್‌ಗಳನ್ನು ಕೂಡಿಸಿ. ನಿಮ್ಮ ಪೊಸಿಷನ್ ಆ ಮೊತ್ತದ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದಿದ್ದರೆ ಆ ಕಾಯಿನ್ ಬಿಡಿ. ಇದು ನನ್ನ ಸ್ವಂತ ಅಳತೆ, ಎಲ್ಲೂ ಬರೆದಿಟ್ಟ ನಿಯಮವಲ್ಲ. ಒಮ್ಮೆ ಸಂಜೆ ನೋಡಿ, ಒಮ್ಮೆ ಭಾನುವಾರ ನಸುಕಿನಲ್ಲಿ ನೋಡಿ. ಎರಡೂ ಅಂಕಿಗಳ ನಡುವಿನ ವ್ಯತ್ಯಾಸವೇ ನಿಮಗೆ ಬೇಕಾದ ಮಾಹಿತಿ.

ಮೊದಲ ಬಗೆ: ಆರ್ಡರ್ ಬುಕ್

ಹೈಪರ್‌ಲಿಕ್ವಿಡ್ ಮತ್ತು ಡಿವೈಡಿಎಕ್ಸ್ ಈ ಬಗೆಯವು. ಹೈಪರ್‌ಲಿಕ್ವಿಡ್ ತನ್ನದೇ ಬ್ಲಾಕ್‌ಚೈನ್ ಮೇಲೆ ಪೂರ್ತಿ ಆರ್ಡರ್ ಬುಕ್ ಓಡಿಸುತ್ತದೆ. ಡಿವೈಡಿಎಕ್ಸ್ 2023ರ ಅಕ್ಟೋಬರ್‌ನಲ್ಲಿ ಕಾಸ್ಮಾಸ್ ತಂತ್ರಜ್ಞಾನದ ಸ್ವಂತ ಚೈನ್‌ಗೆ ಬಂತು. ಅಲ್ಲಿ ಆರ್ಡರ್ ಬುಕ್ಕನ್ನು ವ್ಯಾಲಿಡೇಟರ್‌ಗಳು (ಚೈನ್ ಓಡಿಸುವ ಕಂಪ್ಯೂಟರ್ ಇಟ್ಟವರು) ತಮ್ಮ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಾರೆ, ಕುದುರಿದ ವ್ಯವಹಾರ ಚೈನ್ ಮೇಲೆ ಬೀಳುತ್ತದೆ. ಎರಡರಲ್ಲೂ ನಿಮ್ಮ ಎದುರಿಗೆ ನಿಂತಿರುವುದು ಇನ್ನೊಬ್ಬ ಟ್ರೇಡರ್ ಅಥವಾ ಮಾರ್ಕೆಟ್ ಮೇಕರ್ (ಸದಾ ಕೊಳ್ಳುವ, ಮಾರುವ ಎರಡೂ ಬೆಲೆ ಇಟ್ಟು ಕೂತವರು).

ಲಿಕ್ವಿಡೇಷನ್ ಹೇಗೆ ನಡೆಯುತ್ತದೆ? ಹೈಪರ್‌ಲಿಕ್ವಿಡ್‌ನದ್ದನ್ನೇ ಹತ್ತಿರದಿಂದ ನೋಡೋಣ. ಗೆರೆ ಮುಟ್ಟಿದ ಪೊಸಿಷನ್ ಮೊದಲು ಮಾರ್ಕೆಟ್ ಆರ್ಡರ್ (ಸಿಕ್ಕಿದ ಬೆಲೆಗೆ ಮಾರುವ ಆರ್ಡರ್) ಆಗಿ ಬುಕ್‌ಗೆ ಹೋಗುತ್ತದೆ. 1,00,000 ಡಾಲರ್‌ಗಿಂತ ದೊಡ್ಡ ಪೊಸಿಷನ್ ಆದರೆ ಮೊದಲು 20% ಮಾತ್ರ, ಆಮೇಲೆ 30 ಸೆಕೆಂಡ್ ಬಿಡುವು. ಅದಕ್ಕಿಂತ ಸಣ್ಣದು, ಅಂದರೆ ನಮ್ಮ ನಿಮ್ಮಂಥವರದು, ಒಂದೇ ಸಲಕ್ಕೆ ಪೂರ್ತಿ. ಬುಕ್‌ನಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾದರೆ ಉಳಿದ ಮಾರ್ಜಿನ್ ನಿಮ್ಮದೇ. ಮೇಲಿನ 10 ಪಟ್ಟಿನ ಉದಾಹರಣೆಯಲ್ಲಿ 91,140ರ ಹತ್ತಿರ ಮುಚ್ಚಿದರೆ ಸುಮಾರು 114 ಡಾಲರ್ ಉಳಿದಿರುತ್ತದೆ, ಅದರಲ್ಲಿ ಫೀ ಕಳೆದು ಮಿಕ್ಕಿದ್ದು ವಾಪಸ್. ಆದರೆ ಬುಕ್ ತೆಳುವಾಗಿದ್ದು, ಮಾರಾಟವಾಗುವ ಮೊದಲೇ ಉಳಿದ ಮಾರ್ಜಿನ್ ಮೇಂಟೆನೆನ್ಸ್‌ನ ಮೂರನೇ ಎರಡು ಭಾಗಕ್ಕಿಂತ ಕೆಳಗೆ ಹೋಯಿತು ಅನ್ನಿ. ಆಗ ಪೊಸಿಷನ್ ಪೂರ್ತಿ ಲಿಕ್ವಿಡೇಟರ್ ವಾಲ್ಟ್ (ಇಂಥ ಪೊಸಿಷನ್ ಹೊರಲೆಂದೇ ಇರುವ ಖಾತೆ) ಕೈಗೆ ಹೋಗುತ್ತದೆ, ಉಳಿದ ಮಾರ್ಜಿನ್ನೂ ಅದರ ಜೊತೆ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಎರಡನೇ ಗೆರೆ ಸುಮಾರು 90,760. ಎರಡು ಗೆರೆಗಳ ನಡುವೆ ಇರುವುದು 0.4% ಜಾಗ. ಆ ಸಣ್ಣ ಸಂದಿಯಲ್ಲಿ ಕೊಳ್ಳುವವರು ಇದ್ದರೆ ನಿಮಗೆ ಏನಾದರೂ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲಿಕ್ವಿಡೇಷನ್ ಬೇರೆ, ಲಿಕ್ವಿಡಿಟಿ ಬೇರೆ ಅಂತ ಓದಿಕೊಂಡವರು ಇಲ್ಲಿ ಎರಡೂ ಒಂದೇ ಕಡೆ ಸೇರುವುದನ್ನು ನೋಡಬೇಕು.

ಗೆರೆ ಮುಟ್ಟಿತಾ ಅಂತ ನಿರ್ಧರಿಸುವುದು ಮಾರ್ಕ್ ಪ್ರೈಸ್, ಕೊನೆಯದಾಗಿ ನಡೆದ ವ್ಯವಹಾರದ ಬೆಲೆಯಲ್ಲ. ಹೈಪರ್‌ಲಿಕ್ವಿಡ್ ತನ್ನ ಬುಕ್‌ನ ಬೆಲೆ, ವ್ಯಾಲಿಡೇಟರ್‌ಗಳು ಕೊಡುವ ಆರಾಕಲ್ ಬೆಲೆ (ಹೊರಗಿನ ಮಾರುಕಟ್ಟೆಯಿಂದ ತಂದ ಬೆಲೆ), ದೊಡ್ಡ ಎಕ್ಸ್‌ಚೇಂಜ್‌ಗಳ ಪರ್ಪ್ ಬೆಲೆ ಇವುಗಳನ್ನೆಲ್ಲ ಇಟ್ಟುಕೊಂಡು ಮಧ್ಯದ್ದನ್ನು ತೆಗೆದುಕೊಳ್ಳುತ್ತದೆ. ಒಂದೇ ಕಡೆ ಯಾರೋ ಕ್ಷಣಕಾಲ ಬೆಲೆ ತಳ್ಳಿದರೆ ನೀವು ಲಿಕ್ವಿಡೇಟ್ ಆಗಬಾರದು ಅನ್ನುವುದು ಇದರ ಉದ್ದೇಶ. ಡಿವೈಡಿಎಕ್ಸ್ ಆರಾಕಲ್ ಬೆಲೆಯನ್ನು ನೋಡುತ್ತದೆ.

ಹಾಗಾದರೆ ವಾಲ್ಟಿಗೂ ಹೊರೆ ಜಾಸ್ತಿಯಾದರೆ? ಡಿವೈಡಿಎಕ್ಸ್‌ನಲ್ಲಿ ಇನ್ಶೂರೆನ್ಸ್ ಫಂಡ್ (ಇಂಥ ನಷ್ಟ ತುಂಬುವ ನಿಧಿ) ಇದೆ. 2023ರ ನವೆಂಬರ್‌ನಲ್ಲಿ ವೈಎಫ್‌ಐ ಕಾಯಿನ್ ಕುಸಿದಾಗ ಹಳೆಯ ಆವೃತ್ತಿಯ ಆ ಫಂಡ್‌ನಿಂದ ಸುಮಾರು 90 ಲಕ್ಷ ಡಾಲರ್ ಹೋಯಿತು. ಹೈಪರ್‌ಲಿಕ್ವಿಡ್‌ನಲ್ಲಿ ಭಾರ ಹೊರುವುದು ಎಚ್‌ಎಲ್‌ಪಿ ಅನ್ನುವ ವಾಲ್ಟ್. ಅದರಲ್ಲಿರುವುದು ಜನ ಹಾಕಿದ ರೊಕ್ಕ. 2025ರ ಮಾರ್ಚ್ 12ರಂದು ಒಬ್ಬ ಟ್ರೇಡರ್ ದೊಡ್ಡ ಈಥರ್ ಲಾಂಗ್ ಹಿಡಿದು, ಲಾಭದಲ್ಲಿದ್ದಾಗ ಮಾರ್ಜಿನ್ ಹೊರಗೆ ತೆಗೆದುಕೊಂಡ, ಪೊಸಿಷನ್ ಲಿಕ್ವಿಡೇಟ್ ಆಗಲು ಬಿಟ್ಟ. ಅದನ್ನು ಹೊತ್ತ ವಾಲ್ಟಿಗೆ ಸುಮಾರು 40 ಲಕ್ಷ ಡಾಲರ್ ನಷ್ಟ. ಬಿಟ್‌ಕಾಯಿನ್‌ಗೆ 50 ಪಟ್ಟು ಇದ್ದದ್ದು 40ಕ್ಕೆ, ಈಥರ್‌ಗೆ 25ಕ್ಕೆ ಇಳಿದದ್ದು ಇದಾದ ಮೇಲೆ.

ಎರಡು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 26ರಂದು, ಜೆಲ್ಲಿ ಅನ್ನುವ ಸಣ್ಣ ಕಾಯಿನ್‌ನಲ್ಲಿ ಇನ್ನೊಂದು ಪೆಟ್ಟು. ದೊಡ್ಡ ಶಾರ್ಟ್ ಒಂದು ಲಿಕ್ವಿಡೇಟ್ ಆಗಿ ವಾಲ್ಟ್ ಕೈಗೆ ಬಂತು, ಅದೇ ಹೊತ್ತಿಗೆ ಹೊರಗಿನ ಮಾರುಕಟ್ಟೆಯಲ್ಲಿ ಬೆಲೆಯನ್ನು ಏರಿಸಲಾಯಿತು. ವಾಲ್ಟಿನ ನಷ್ಟ ಲೆಕ್ಕದಲ್ಲಿ ಒಂದು ಕೋಟಿ ಡಾಲರ್ ದಾಟಿದಾಗ ವ್ಯಾಲಿಡೇಟರ್‌ಗಳು ಮತ ಹಾಕಿ ಆ ಕಾಯಿನ್ನನ್ನೇ ತೆಗೆದುಹಾಕಿದರು, 0.0095 ಡಾಲರ್ ಬೆಲೆಗೆ ಎಲ್ಲವನ್ನೂ ಇತ್ಯರ್ಥ ಮಾಡಿದರು. ಆಗ ಹೊರಗಿನ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ಡಿಸೆಂಟ್ರಲೈಸ್ಡ್ ಅಂದ ಮಾತ್ರಕ್ಕೆ ಬೆಲೆಯನ್ನು ಯಾರೂ ಮುಟ್ಟುವುದಿಲ್ಲ ಅಂತ ನಂಬಬೇಡಿ. ಸಣ್ಣ ಕಾಯಿನ್‌ಗಳಿಂದ ದೂರ ಇರಿ ಅಂತ ನಾನು ಪದೇ ಪದೇ ಹೇಳುವುದಕ್ಕೆ ಇದೇ ಕಾರಣ.

ಕೊನೆಯ ಅಸ್ತ್ರ ಎಡಿಎಲ್, ಅಂದರೆ ಗೆದ್ದವರ ಪೊಸಿಷನ್ನನ್ನು ಒತ್ತಾಯದಿಂದ ಮುಚ್ಚುವುದು. 2025ರ ಅಕ್ಟೋಬರ್ 10ರಂದು ಚೀನಾದ ಮೇಲೆ ಅಮೆರಿಕ 100% ಹೆಚ್ಚುವರಿ ಸುಂಕ ಘೋಷಿಸಿದ ಬೆನ್ನಿಗೆ ಇಡೀ ಮಾರುಕಟ್ಟೆ ಕುಸಿಯಿತು. ಇಲ್ಲಿ ಆಗ ಶನಿವಾರ ನಸುಕಿನ ಸುಮಾರು ಮೂರು ಗಂಟೆ. 1,22,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1,05,000ದ ಹತ್ತಿರಕ್ಕೆ ಬಂತು. ಎಲ್ಲ ಎಕ್ಸ್‌ಚೇಂಜ್‌ ಸೇರಿ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಮೇಲಿನ ಲೆಕ್ಕ ಇಲ್ಲಿ ಹಾಕಿ: 10 ಪಟ್ಟು ಲಾಂಗ್ ಉಳಿಯಲಿಲ್ಲ, 5 ಪಟ್ಟಿನದ್ದು ಉಳಿಯಿತು. ಹೈಪರ್‌ಲಿಕ್ವಿಡ್ ಓಡುತ್ತಲೇ ಇತ್ತು, ಆದರೆ ಎಡಿಎಲ್ ಬಳಸಬೇಕಾಯಿತು. ಲಾಭದಲ್ಲಿದ್ದ ಶಾರ್ಟ್‌ಗಳು ಕೇಳದೆಯೇ ಮುಚ್ಚಿಹೋದವು. ಒಂದು ಕಾಯಿನ್‌ನಲ್ಲಿ ಲಾಂಗ್, ಇನ್ನೊಂದರಲ್ಲಿ ಶಾರ್ಟ್ ಇಟ್ಟು ಸಮತೋಲನದಲ್ಲಿದ್ದೇನೆ ಅಂದುಕೊಂಡವರ ಒಂದು ಕಾಲು ಮುರಿಯಿತು. ಡಿವೈಡಿಎಕ್ಸ್ ಚೈನ್ ಆ ದಿನ ಸುಮಾರು ಎಂಟು ಗಂಟೆ ನಿಂತೇ ಹೋಗಿತ್ತು. ಗೆದ್ದದ್ದು ಕೂಡ ನಿಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ ಅನ್ನುವುದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಬನ್ನಿ.

ಎರಡನೇ ಬಗೆ: ಪೂಲ್ ಮತ್ತು ಆರಾಕಲ್

ಜಿಎಂಎಕ್ಸ್ 2021ರ ಸೆಪ್ಟೆಂಬರ್‌ನಲ್ಲಿ ಆರ್ಬಿಟ್ರಂ ಅನ್ನುವ ಚೈನ್ ಮೇಲೆ ಶುರುವಾಯಿತು. ಸೊಲಾನಾ ಚೈನ್ ಮೇಲಿರುವ ಜುಪಿಟರ್ ಪರ್ಪ್ಸ್ ಕೂಡ ಇದೇ ಜಾತಿಯದು. ಇಲ್ಲಿ ಆರ್ಡರ್ ಬುಕ್ಕೇ ಇಲ್ಲ. ಜನ ರೊಕ್ಕ ಹಾಕಿದ ಒಂದು ಪೂಲ್ ಇದೆ, ನಿಮ್ಮ ಎದುರಾಳಿ ಅದೇ. ಬೆಲೆ ಹೊರಗಿನ ಆರಾಕಲ್‌ನಿಂದ ಬರುತ್ತದೆ. ನೀವು ಗೆದ್ದರೆ ಪೂಲ್ ಕೊಡುತ್ತದೆ, ಸೋತರೆ ಪೂಲ್ ಇಟ್ಟುಕೊಳ್ಳುತ್ತದೆ.

ಸಣ್ಣ ಟ್ರೇಡರ್‌ಗೆ ಇದರಲ್ಲಿ ಒಂದು ಅನುಕೂಲ ಇದೆ. ಬುಕ್ ತೆಳುವಾಗಿದೆಯಾ, ದಪ್ಪವಾಗಿದೆಯಾ ಅನ್ನುವ ಚಿಂತೆ ಇಲ್ಲ. ಆರಾಕಲ್ ಹೇಳಿದ ಬೆಲೆಗೆ ಪೊಸಿಷನ್ ತೆರೆಯುತ್ತದೆ, ಮುಚ್ಚುತ್ತದೆ. ನಿಮ್ಮ ಲಿಕ್ವಿಡೇಷನ್ ಬೇರೆಯವರ ಲಿಕ್ವಿಡೇಷನ್ನನ್ನು ಆ ಪ್ಲಾಟ್‌ಫಾರ್ಮಿನ ಒಳಗೆ ಎಳೆಯುವುದಿಲ್ಲ, ಯಾಕೆಂದರೆ ಮಾರಾಟ ಯಾವ ಬುಕ್ಕಿಗೂ ಬರುವುದಿಲ್ಲ. ಕೀಪರ್ ಅನ್ನುವ ಪ್ರೋಗ್ರಾಂ ಗೆರೆ ದಾಟಿದ ಪೊಸಿಷನ್ ಹುಡುಕಿ ಮುಚ್ಚುತ್ತದೆ, ಉಳಿದದ್ದು ಇದ್ದರೆ ನಿಮಗೆ ಬರುತ್ತದೆ.

ಆದರೆ ಆಳದ ಪ್ರಶ್ನೆ ಮಾಯವಾಗಿಲ್ಲ, ಬೇರೆ ರೂಪದಲ್ಲಿ ಬಂದಿದೆ. ಪೂಲ್‌ನಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಪೊಸಿಷನ್ ತೆರೆಯಬಹುದು, ಮಿತಿ ತುಂಬಿದ್ದರೆ ಬಾಗಿಲು ಮುಚ್ಚಿರುತ್ತದೆ. ಪೂಲ್‌ನಿಂದ ಸಾಲ ಪಡೆದದ್ದಕ್ಕೆ ಗಂಟೆ ಗಂಟೆಗೂ ಬಡ್ಡಿ ಓಡುತ್ತದೆ, ಬಳಕೆ ಜಾಸ್ತಿಯಾದಷ್ಟೂ ಬಡ್ಡಿ ಜಾಸ್ತಿ. ಮಾರುಕಟ್ಟೆ ಏರುವಾಗ ಎಲ್ಲರೂ ಲಾಂಗ್ ಹಿಡಿಯುತ್ತಾರಲ್ವಾ, ಆಗಲೇ ಇದು ದುಬಾರಿ. ಆರ್ಡರ್ ಬುಕ್‌ನಲ್ಲಿ ಶಾರ್ಟ್ ಹಿಡಿದವರಿಗೆ ಫಂಡಿಂಗ್ ಬರುವ ದಿನಗಳೂ ಇರುತ್ತವೆ. ಜುಪಿಟರ್‌ನಲ್ಲಿ ಲಾಂಗ್ ಆದರೂ ಶಾರ್ಟ್ ಆದರೂ ಬಡ್ಡಿ ಕಟ್ಟಲೇಬೇಕು.

ಜಿಎಂಎಕ್ಸ್ ಮೊದಲ ಆವೃತ್ತಿಯಲ್ಲಿ ಎಷ್ಟೇ ದೊಡ್ಡ ಟ್ರೇಡ್ ಮಾಡಿದರೂ ಬೆಲೆ ಜರುಗುತ್ತಿರಲಿಲ್ಲ. ಅದನ್ನೇ ಹಿಡಿದುಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಯಾರೋ ಅವಲಾಂಚ್ ಕಾಯಿನ್‌ನ ಬೆಲೆಯನ್ನು ಹೊರಗಿನ ಎಕ್ಸ್‌ಚೇಂಜ್‌ಗಳಲ್ಲಿ ತಳ್ಳಿ, ಜಿಎಂಎಕ್ಸ್‌ನಲ್ಲಿ ಲಾಭ ತೆಗೆದು, ಪೂಲ್‌ನಿಂದ ಐದು ಲಕ್ಷಕ್ಕೂ ಹೆಚ್ಚು ಡಾಲರ್ ಒಯ್ದರು. 2023ರಲ್ಲಿ ಬಂದ ಎರಡನೇ ಆವೃತ್ತಿ ಅದಕ್ಕೇ ಪ್ರೈಸ್ ಇಂಪ್ಯಾಕ್ಟ್ ಸೇರಿಸಿತು: ಲಾಂಗ್‌ಗಳೇ ತುಂಬಿರುವಾಗ ನೀವೂ ಲಾಂಗ್ ಹಿಡಿದರೆ ಹೆಚ್ಚು ಕೊಡಬೇಕು, ಶಾರ್ಟ್ ಹಿಡಿದು ತಕ್ಕಡಿ ಸರಿ ಮಾಡಿದರೆ ಸ್ವಲ್ಪ ಸಿಗುತ್ತದೆ. ಈ ಆವೃತ್ತಿಯಲ್ಲಿ ಇನ್ನೊಂದನ್ನು ಗಮನಿಸಿ. ಈಥರ್ ಲಾಂಗ್‌ಗೆ ಈಥರನ್ನೇ ಮಾರ್ಜಿನ್ ಆಗಿ ಇಡಬಹುದು. ಈಥರ್ ಬಿದ್ದಾಗ ಪೊಸಿಷನ್ ನಷ್ಟಕ್ಕೆ ಹೋಗುತ್ತದೆ, ಜೊತೆಗೆ ಮಾರ್ಜಿನ್‌ನ ಬೆಲೆಯೂ ಇಳಿಯುತ್ತದೆ, ಗೆರೆ ಎರಡೂ ಕಡೆಯಿಂದ ಓಡಿ ಬರುತ್ತದೆ. ಅದರ ಬದಲು ಯುಎಸ್‌ಡಿಸಿ (ಬೆಲೆ ಒಂದು ಡಾಲರಿಗೆ ಕಟ್ಟಿದ ಸ್ಟೇಬಲ್‌ಕಾಯಿನ್) ಇಡಿ.

ಕೋಡ್‌ನ ಅಪಾಯ ಪೂಲ್ ಮಾದರಿಯಲ್ಲಿ ದೊಡ್ಡದು, ಯಾಕೆಂದರೆ ಎಲ್ಲ ರೊಕ್ಕ ಒಂದೇ ಕಡೆ ಕೂತಿರುತ್ತದೆ. 2025ರ ಜುಲೈ 9ರಂದು ಜಿಎಂಎಕ್ಸ್‌ನ ಹಳೆಯ ಆವೃತ್ತಿಯ ಪೂಲ್‌ನಿಂದ ಸುಮಾರು 4.2 ಕೋಟಿ ಡಾಲರ್ ಕಳುವಾಯಿತು. 50 ಲಕ್ಷ ಡಾಲರ್ ಬಹುಮಾನದ ಒಪ್ಪಂದದ ಮೇಲೆ ಹೆಚ್ಚಿನ ಭಾಗ ವಾಪಸ್ ಬಂತು. ಪ್ರತಿ ಸಲ ಹಾಗೆ ವಾಪಸ್ ಬರುತ್ತದೆ ಅಂತ ಹೇಳಲಾಗುವುದಿಲ್ಲ.

ಮೂರನೆಯದು ವಿಎಎಂಎಂ. ಪರ್ಪೆಚುಯಲ್ ಪ್ರೊಟೊಕಾಲ್‌ನ ಮೊದಲ ಆವೃತ್ತಿ 2020ರಲ್ಲಿ ಇದನ್ನು ತಂದಿತು. ಎದುರಿಗೆ ನಿಜವಾದ ರೊಕ್ಕದ ಪೂಲ್ ಇಲ್ಲ, ಬರೀ ಒಂದು ಸೂತ್ರ ಬೆಲೆ ಹೇಳುತ್ತದೆ. ಎಲ್ಲರೂ ಒಂದೇ ಕಡೆ ನಿಂತಾಗ ಇನ್ಶೂರೆನ್ಸ್ ಫಂಡ್ ಸವೆಯುತ್ತಾ ಹೋಗುತ್ತದೆ. ಅವರೇ 2021ರಲ್ಲಿ ಅದನ್ನು ಬಿಟ್ಟು ನಿಜವಾದ ಲಿಕ್ವಿಡಿಟಿಯ ಕಡೆ ಹೋದರು. ಇವತ್ತು ಹೊಸ ಪ್ಲಾಟ್‌ಫಾರ್ಮ್ ಯಾವುದಾದರೂ ಬರೀ ವಿಎಎಂಎಂ ಅಂತ ಬಂದರೆ ಮುಟ್ಟಬೇಡಿ.

ಕ್ರಾಸ್ ಅಥವಾ ಐಸೊಲೇಟೆಡ್

ಪ್ಲಾಟ್‌ಫಾರ್ಮ್ ಆರಿಸುವುದಕ್ಕಿಂತ ಈ ಒಂದು ಬಟನ್ ಹೊಸಬರಿಗೆ ಹೆಚ್ಚು ಮುಖ್ಯ. ಕ್ರಾಸ್‌ನಲ್ಲಿ ನಿಮ್ಮ ಅಕೌಂಟಿನ ಎಲ್ಲ ರೊಕ್ಕ ಎಲ್ಲ ಪೊಸಿಷನ್‌ಗೂ ಆಸರೆ. ಲಿಕ್ವಿಡೇಷನ್ ದೂರ ಇರುತ್ತದೆ, ಆದರೆ ಬಂದರೆ ಎಲ್ಲವನ್ನೂ ಒಯ್ಯುತ್ತದೆ. ಐಸೊಲೇಟೆಡ್‌ನಲ್ಲಿ ಆ ಪೊಸಿಷನ್‌ಗೆ ಇಟ್ಟಷ್ಟೇ ಹೋಗುತ್ತದೆ. ಹೈಪರ್‌ಲಿಕ್ವಿಡ್‌ನಲ್ಲಿ ಮೊದಲೇ ಆಯ್ಕೆಯಾಗಿ ಕೂತಿರುವುದು ಕ್ರಾಸ್. ಬದಲಾಯಿಸಿ, ಆಮೇಲೆ ಆರ್ಡರ್ ಹಾಕಿ. ಹತ್ತು ವರ್ಷದ ಅನುಭವ ಇರುವವರು ಕ್ರಾಸ್ ಬಳಸಲಿ, ಅವರಿಗೆ ಅದರ ಕಾರಣ ಗೊತ್ತಿರುತ್ತದೆ.

ಟ್ರೇಡ್ ಮಾಡದೆ ಲಿಕ್ವಿಡಿಟಿ ಕೊಡುವುದಾದರೆ

"ನಾನು ಟ್ರೇಡ್ ಮಾಡಲ್ಲ, ಪೂಲ್‌ನಲ್ಲಿ ರೊಕ್ಕ ಇಟ್ಟು ಬಡ್ಡಿ ತೊಗೋತೀನಿ" ಅನ್ನುವವರು ಈಗ ಹೆಚ್ಚಾಗಿದ್ದಾರೆ. ಬ್ಯಾಂಕಿನ ಎಫ್‌ಡಿಗೆ ಇದನ್ನು ಹೋಲಿಸುವುದೇ ತಪ್ಪು, ಇದು ಬೇರೆಯವರ ಸೋಲು ಗೆಲುವಿಗೆ ಎದುರು ನಿಲ್ಲುವ ಕೆಲಸ. ಆದರೂ ಆಯ್ಕೆಗಳ ನಡುವೆ ವ್ಯತ್ಯಾಸ ಇದೆ. ಎಚ್‌ಎಲ್‌ಪಿಗೆ ಯುಎಸ್‌ಡಿಸಿ ಮಾತ್ರ ಹಾಕುವುದು, ಹಾಗಾಗಿ ಕಾಯಿನ್ ಬೆಲೆ ಬಿದ್ದರೆ ನೇರ ಪೆಟ್ಟಿಲ್ಲ. ಆದರೆ ಅದು ಲಿಕ್ವಿಡೇಷನ್‌ಗಳನ್ನು ಹೊರುತ್ತದೆ, ಮಾರ್ಚ್‌ನ ಎರಡೂ ಘಟನೆ ನೆನಪಿರಲಿ. ಹಾಕಿದ ಮೇಲೆ ನಾಲ್ಕು ದಿನ ತೆಗೆಯಲಾಗುವುದಿಲ್ಲ. ಅಂಥ ಘಟನೆ ನಡೆಯುತ್ತಿರುವಾಗ ನಾಲ್ಕು ದಿನ ಬಹಳ ಉದ್ದ.

ಜುಪಿಟರ್‌ನ ಜೆಎಲ್‌ಪಿ, ಜಿಎಂಎಕ್ಸ್‌ನ ಜಿಎಂ ಟೋಕನ್‌ಗಳು ಬೇರೆ ತರಹ. ಅವುಗಳ ಒಳಗೆ ಸೋಲ್ (ಸೊಲಾನಾದ ಕಾಯಿನ್), ಈಥರ್, ಬಿಟ್‌ಕಾಯಿನ್‌ನಂಥ ಕಾಯಿನ್‌ಗಳು ಮತ್ತು ಸ್ಟೇಬಲ್‌ಕಾಯಿನ್ ಇರುತ್ತವೆ. ಮಾರುಕಟ್ಟೆ ಬಿದ್ದರೆ ನಿಮ್ಮ ಟೋಕನ್ನೂ ಬೀಳುತ್ತದೆ, ಫೀ ಎಷ್ಟೇ ಬಂದರೂ. ಆ ಕಾಯಿನ್‌ಗಳನ್ನು ಹೇಗೂ ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಇದು ಅರ್ಥವಿರುವ ಆಯ್ಕೆ. ಮಗಳ ಕಾಲೇಜು ಫೀಗೆ ತೆಗೆದಿಟ್ಟ ರೊಕ್ಕಕ್ಕೆ ಎರಡೂ ಬೇಡ, ದಯವಿಟ್ಟು ಬೇಡ.

ಯಾರಿಗೆ ಯಾವುದು

ಬಿಟ್‌ಕಾಯಿನ್, ಈಥರ್ ಮಾತ್ರ, ಕೆಲವು ಗಂಟೆ ಅಥವಾ ದಿನ ಹಿಡಿಯುವವರಿಗೆ ದೊಡ್ಡ ಆರ್ಡರ್ ಬುಕ್ಕೇ ಸರಿ. ಆಳ ಇದೆ, ಖರ್ಚು ಕಡಿಮೆ, ಲಿಕ್ವಿಡೇಟ್ ಆದರೂ ಏನಾದರೂ ಉಳಿಯುವ ಸಾಧ್ಯತೆ ಇದೆ. 3 ಪಟ್ಟು ಮೀರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅಕ್ಟೋಬರ್ 10ರಂಥ ದಿನವನ್ನು 5 ಪಟ್ಟು ದಾಟಿತು ನಿಜ, ಆದರೆ ಅದು ಬಿಟ್‌ಕಾಯಿನ್‌ನಲ್ಲಿ. ಎಷ್ಟೋ ಬೇರೆ ಕಾಯಿನ್‌ಗಳು ಆ ಕೆಲವು ನಿಮಿಷದಲ್ಲಿ ಅರ್ಧಕ್ಕಿಂತ ಕೆಳಗೆ ಹೋಗಿ ಬಂದವು. ಅಲ್ಲಿ 2 ಪಟ್ಟೂ ಉಳಿಯಲಿಲ್ಲ.

ಸ್ಲಿಪೇಜ್ (ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ) ಲೆಕ್ಕ ಬೇಡ, ಸೋಲ್, ಈಥರ್, ಬಿಟ್‌ಕಾಯಿನ್ ಮೂರರಲ್ಲಿ ಒಂದನ್ನು ಒಂದೆರಡು ದಿನಕ್ಕೆ ಹಿಡಿದು ಬಿಡುತ್ತೇನೆ ಅನ್ನುವವರಿಗೆ ಪೂಲ್ ಮಾದರಿ ಸುಲಭ. ವಾರಗಟ್ಟಲೆ ಹಿಡಿಯುವವರಿಗೆ ಅಲ್ಲ, ಬಡ್ಡಿ ತಿಂದುಹಾಕುತ್ತದೆ.

ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಟವರ್ ಕೂಡ ಕೈಕೊಡುತ್ತದೆ. ಹಾಗಾಗಿ ಸ್ಟಾಪ್ ಲಾಸ್ (ನೀವು ಹೇಳಿದ ಬೆಲೆ ಮುಟ್ಟಿದರೆ ತಾನಾಗಿ ಪೊಸಿಷನ್ ಮುಚ್ಚುವ ಆರ್ಡರ್) ನಿಮ್ಮ ಫೋನಿನಲ್ಲಿ ಇರುತ್ತದಾ, ಚೈನ್ ಮೇಲೆ ಇರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಹೈಪರ್‌ಲಿಕ್ವಿಡ್ ಮತ್ತು ಡಿವೈಡಿಎಕ್ಸ್‌ನಲ್ಲಿ ಅದು ಚೈನ್ ಮೇಲೆ ಕೂರುತ್ತದೆ, ಜಿಎಂಎಕ್ಸ್‌ನಲ್ಲಿ ಕೀಪರ್ ನಡೆಸುತ್ತದೆ. ಫೋನ್ ಆಫ್ ಇದ್ದರೂ ಕೆಲಸ ನಡೆಯುತ್ತದೆ. ಸ್ಟಾಪ್ ಇಡುವಾಗ ಲಿಕ್ವಿಡೇಷನ್ ಗೆರೆಗೆ ಅಂಟಿಸಬೇಡಿ. ನಮ್ಮ 91,140ರ ಉದಾಹರಣೆಯಲ್ಲಿ 91,500ಕ್ಕೆ ಇಟ್ಟ ಸ್ಟಾಪ್ ವೇಗದ ಕುಸಿತದಲ್ಲಿ ಏನೂ ಉಳಿಸುವುದಿಲ್ಲ, 95,000ಕ್ಕೆ ಇಟ್ಟದ್ದು ಅರ್ಧ ಮಾರ್ಜಿನ್ ಉಳಿಸುತ್ತದೆ.

ತೆರಿಗೆಯ ವಿಷಯ ಕೊನೆಗೆ ಬಂದರೂ ಸಣ್ಣದಲ್ಲ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಾಟದ ಲಾಭಕ್ಕೆ 30% ತೆರಿಗೆ, ಜುಲೈ 1ರಿಂದ ವರ್ಗಾವಣೆಗೆ 1% ಟಿಡಿಎಸ್. ಯುಎಸ್‌ಡಿಸಿ ಮಾರಿ ರೂಪಾಯಿ ಮಾಡಿಕೊಳ್ಳುವುದೂ ಇದರ ಒಳಗೇ ಬರುತ್ತದೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಪರ್ಪೆಚುಯಲ್‌ನ ಲಾಭ ನಷ್ಟವನ್ನು ಯಾವ ಲೆಕ್ಕಕ್ಕೆ ಹಾಕಬೇಕು ಅನ್ನುವುದರಲ್ಲಿ ಸಿಎಗಳ ನಡುವೆಯೇ ಬೇರೆ ಬೇರೆ ಅಭಿಪ್ರಾಯ ಇದೆ. ಆದ್ದರಿಂದ ಮೊದಲ ಟ್ರೇಡಿಗೆ ಮುಂಚೆಯೇ ಒಬ್ಬ ಸಿಎ ಹತ್ತಿರ ಮಾತಾಡಿ, ಮತ್ತು ಪ್ರತಿ ತಿಂಗಳು ಟ್ರೇಡ್ ಹಿಸ್ಟರಿ, ಫಂಡಿಂಗ್ ಹಿಸ್ಟರಿ ಎರಡನ್ನೂ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಇಲ್ಲಿ ನಿಮ್ಮ ಪರವಾಗಿ ವರ್ಷದ ಕೊನೆಗೆ ಲೆಕ್ಕಪಟ್ಟಿ ಕಳಿಸಿಕೊಡುವ ಬ್ರೋಕರ್ ಇಲ್ಲ.